ಒಂದು ಮೈ ಟೈಗಾಗಿ ಹುಡುಕಿದ ರಮ್‌ಗಳು

ಮೈ ಟೈ ಅನ್ನುವ ಕಾಕ್‌ಟೇಲ್ ನಾನು ಮೊದಲು ಕುಡಿದದ್ದು ಆಫೀಸಿನ ಕೆಲಸದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದಾಗ. ಅನಾನಸ್ ರಸ, ಕೆಂಪು ಚೆರಿ, ಕಾಗದದ ಪುಟ್ಟ ಕೊಡೆ ಇರುತ್ತದೆ ಅಂದುಕೊಂಡಿದ್ದೆ. ಬಂದ ಲೋಟದಲ್ಲಿ ಪುಡಿ ಮಾಡಿದ ಐಸ್, ಒಂದು ಪುದೀನಾ ಕುಡಿ, ಹಿಂಡಿದ ಅರ್ಧ ನಿಂಬೆಹಣ್ಣಿನ ಸಿಪ್ಪೆ, ಇಷ್ಟೇ ಇತ್ತು. ಒಂದು ಗುಟುಕು ಕುಡಿದೆ. ಮೊದಲು ನಿಂಬೆ. ಆಮೇಲೆ ಬಾದಾಮಿ. ಅದರ ಹಿಂದೆ ಇನ್ನೊಂದು ವಾಸನೆ ಬಂತು. ಅದು ನನಗೆ ಚಿಕ್ಕಂದಿನಿಂದ ಗೊತ್ತು, ಆದರೆ ಎಲ್ಲಿಯದು ಅಂತ ನೆನಪಾಗಲಿಲ್ಲ. ಲೋಟ ಖಾಲಿಯಾದ ಮೇಲೂ ಮೂಗಿನ ಹತ್ತಿರ ಹಿಡಿದುಕೊಂಡೇ ಕೂತಿದ್ದೆ.

ಬೆಂಗಳೂರಿಗೆ ವಾಪಸ್ ಬಂದ ವಾರವೇ ಮನೆಯಲ್ಲಿ ಮಾಡಲು ಕೂತೆ. ಅಳತೆ ಸಿಗುವುದು ಕಷ್ಟವಲ್ಲ. 60 ಮಿಲಿ ರಮ್, 30 ಮಿಲಿ ನಿಂಬೆರಸ, ಕಿತ್ತಳೆ ಸಿಪ್ಪೆಯ ಲಿಕ್ಕರ್ 15 ಮಿಲಿ, ಬಾದಾಮಿ ಸಿರಪ್ 15 ಮಿಲಿ, ಒಂದೂವರೆ ಚಮಚದಷ್ಟು ಸಕ್ಕರೆ ಪಾಕ. ಮನೆಯಲ್ಲಿದ್ದ ಕಪ್ಪು ರಮ್ ಹಾಕಿದೆ. ಕೆಮ್ಮಿನ ಸಿರಪ್‌ಗೆ ನಿಂಬೆಹಣ್ಣು ಹಿಂಡಿದ ಹಾಗಾಯಿತು. ರಮ್‌ನೊಳಗಿದ್ದ ವೆನಿಲ್ಲಾ ಬಾದಾಮಿಯನ್ನೂ ಕಿತ್ತಳೆಯನ್ನೂ ನುಂಗಿಬಿಟ್ಟಿತ್ತು. ಮುಂದಿನ ವಾರ ಬಿಳಿ ರಮ್ ತಂದೆ. ಈ ಸಲ ರಮ್ಮೇ ಕಾಣಲಿಲ್ಲ. ನಿಂಬೆ ಶರಬತ್ತಿಗೆ ಬಾದಾಮಿ ಬೆರೆಸಿದ ರುಚಿ, ಕೊನೆಗೆ ಗಂಟಲಲ್ಲಿ ಸ್ವಲ್ಪ ಉರಿ.

ವೈನ್ ಶಾಪ್‌ನಲ್ಲಿ ಹೋಗಿ ಕೇಳಿದೆ. "ಬೇರೆ ಥರದ ರಮ್ ಏನಾದ್ರೂ ಇದೆಯಾ ಅಣ್ಣಾ?"

"ರಮ್ ಅಂದ್ರೆ ಎರಡೇ ಸಾರ್. ಕಪ್ಪು, ಬಿಳಿ. ಯಾವುದು ಕೊಡ್ಲಿ?"

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಜಗತ್ತಿನ ಬಹಳಷ್ಟು ಅಂಗಡಿಗಳು ರಮ್ ಅನ್ನು ಹೀಗೇ ಜೋಡಿಸಿಡುತ್ತವೆ. ಬಹಳಷ್ಟು ರೆಸಿಪಿಗಳೂ "ಬಿಳಿ ರಮ್ ಇಷ್ಟು, ಕಪ್ಪು ರಮ್ ಇಷ್ಟು" ಅಂತ ಬರೆದು ಮುಗಿಸುತ್ತವೆ. ನಾಲ್ಕು ವರ್ಷ ಹುಡುಕಿದ ಮೇಲೆ ನನಗೆ ಖಾತ್ರಿಯಾಗಿರುವ ಒಂದು ವಿಷಯ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ರಮ್‌ನ ಬಣ್ಣ ನೋಡಿ ಅದರ ರುಚಿ ಹೇಳಲು ಆಗುವುದಿಲ್ಲ.

ಮೂರು ಬಿಳಿ ರಮ್ ತೆಗೆದುಕೊಳ್ಳಿ. ಮೊದಲನೆಯದು ಕ್ಯೂಬಾ ಶೈಲಿಯದು. 1862ರಲ್ಲಿ ಸ್ಯಾಂಟಿಯಾಗೊ ದೆ ಕ್ಯೂಬಾ ಊರಲ್ಲಿ ಶುರುವಾದ ಬಕಾರ್ಡಿ ಕಂಪನಿ ಹೆಸರು ಮಾಡಿದ್ದು ಈ ಥರದ ಹಗುರ ರಮ್‌ನಿಂದ. ಮರದ ಪೀಪಾಯಿಯಲ್ಲಿ ಸ್ವಲ್ಪ ಕಾಲ ಇಟ್ಟು, ಬಂದ ಬಣ್ಣವನ್ನು ಇದ್ದಿಲಿನಲ್ಲಿ ಸೋಸಿ ತೆಗೆಯುತ್ತಾರೆ. ಅಂದರೆ ನೋಡಲು ನೀರಿನಂತಿದ್ದರೂ ಅದಕ್ಕೆ ವಯಸ್ಸಾಗಿದೆ. ಎರಡನೆಯದು ಜಮೈಕಾದ ವ್ರೇ ಅಂಡ್ ನೆಫ್ಯೂ ಓವರ್‌ಪ್ರೂಫ್. ಶೇ 63 ಆಲ್ಕೋಹಾಲ್, ಪೀಪಾಯಿ ಕಂಡೇ ಇಲ್ಲ. ಮುಚ್ಚಳ ತೆಗೆದರೆ ಅಡುಗೆಮನೆ ತುಂಬಾ ಕಳಿತ ಬಾಳೆಹಣ್ಣಿನ ವಾಸನೆ. ಮೂರನೆಯದು ಫ್ರೆಂಚರ ಆಡಳಿತದಲ್ಲಿರುವ ಮಾರ್ಟಿನೀಕ್ ದ್ವೀಪದ್ದು. ಬಹಳಷ್ಟು ರಮ್ ಆಗುವುದು ಕಾಕಂಬಿಯಿಂದ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದಿಂದ. ಇದು ಅದನ್ನು ಬಿಟ್ಟು ನೇರವಾಗಿ ಕಬ್ಬಿನ ಹಾಲಿನಿಂದ ಇಳಿಸಿದ್ದು. ಹಸಿ ಹುಲ್ಲು, ಮೆಣಸು, ಮಳೆ ಬಿದ್ದ ಮಣ್ಣು ಎಲ್ಲಾ ಅದರಲ್ಲಿದೆ. ಮೂರೂ ನೀರಿನ ಬಣ್ಣ. ರೆಸಿಪಿಯಲ್ಲಿ "ಬಿಳಿ ರಮ್" ಅಂತ ಬರೆದರೆ ಯಾವುದನ್ನು ಹಾಕಬೇಕು?

ಕಪ್ಪಿನ ಕಥೆಯೂ ಇಷ್ಟೇ. ಬಣ್ಣ ಬರುವುದು ಬಹಳ ಸಲ ಸುಟ್ಟ ಸಕ್ಕರೆಯಿಂದ, ಅಂದರೆ ಕ್ಯಾರಮೆಲ್‌ನಿಂದ. ಎರಡು ವರ್ಷದ ರಮ್ಮನ್ನೂ ಇಪ್ಪತ್ತು ವರ್ಷದ್ದರ ಹಾಗೆ ಕಾಣಿಸಬಹುದು. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಬಹಳಷ್ಟು ರಮ್‌ನ ಬುಡದಲ್ಲಿರುವುದು ಕಾಕಂಬಿಯಿಂದ ತೆಗೆದ ನ್ಯೂಟ್ರಲ್ ಸ್ಪಿರಿಟ್. ಶೇ 96ರವರೆಗೆ ಬಟ್ಟಿ ಇಳಿಸಿದ ಮೇಲೆ ಕಬ್ಬಿನ ನೆನಪು ಅದರಲ್ಲಿ ಉಳಿಯುವುದಿಲ್ಲ. ಆಮೇಲೆ ನೀರು, ಬಣ್ಣ, ಪರಿಮಳ ಸೇರುತ್ತವೆ. ಕೋಲಾ ಜೊತೆ ಕುಡಿಯಲು ಅದು ಸಾಕು. ಆದರೆ ಮೈ ಟೈನಲ್ಲಿ ಕೇಳುವುದು ರಮ್‌ನ ಮಾತನ್ನೇ. ಅಲ್ಲಿ ಅದಕ್ಕೆ ಹೇಳಲು ಏನೂ ಇರುವುದಿಲ್ಲ.

ಇಲ್ಲಿ ಆ ಪಾನೀಯದ ಕಥೆ ಸ್ವಲ್ಪ ಹೇಳಬೇಕು. ಯಾಕಂದ್ರೆ ಅದು ಶುರುವಿನಿಂದಲೂ ರಮ್ ಹುಡುಕಾಟದ ಕಥೆಯೇ. 1944ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ತಾವೇ ಇದನ್ನು ಮಾಡಿದ್ದು ಅಂತ ವಿಕ್ಟರ್ ಬರ್ಜರಾನ್ ಹೇಳಿಕೊಂಡಿದ್ದಾರೆ. ಜನ ಅವರನ್ನು ಕರೆಯುತ್ತಿದ್ದದ್ದು ಟ್ರೇಡರ್ ವಿಕ್ ಅಂತ. ಅವರ ಹತ್ತಿರ ವ್ರೇ ಅಂಡ್ ನೆಫ್ಯೂ ಕಂಪನಿಯ 17 ವರ್ಷದ ಜಮೈಕಾ ರಮ್ ಇತ್ತು. ಆ ರಮ್‌ನ ರುಚಿ ಮುಚ್ಚಿಹೋಗದ ಹಾಗೆ ಸ್ವಲ್ಪ ನಿಂಬೆ, ಸ್ವಲ್ಪ ಕಿತ್ತಳೆ, ಸ್ವಲ್ಪ ಬಾದಾಮಿ ಸೇರಿಸಿದರು. ತಹೀತಿಯಿಂದ ಬಂದಿದ್ದ ಗೆಳೆಯರು ಕುಡಿದು, ಇದಕ್ಕಿಂತ ಚೆನ್ನಾಗಿರುವುದು ಇಲ್ಲ ಅನ್ನುವ ಅರ್ಥದಲ್ಲಿ ತಹೀತಿ ಭಾಷೆಯಲ್ಲಿ "ಮೈ ಟೈ" ಅಂದರಂತೆ.

ಪಾನೀಯ ಹೆಸರು ಮಾಡಿತು. 17 ವರ್ಷದ ರಮ್‌ನ ದಾಸ್ತಾನು ಮುಗಿಯಿತು. ವಿಕ್ 15 ವರ್ಷದ್ದಕ್ಕೆ ಇಳಿದರು. ಅದೂ ಕಡಿಮೆಯಾದಾಗ ಬೇರೆ ಜಮೈಕಾ ರಮ್ ಬೆರೆಸಿ ಹಿಗ್ಗಿಸಿದರು. ಅದರಲ್ಲಿ ಹಳೆಯ ರುಚಿ ಪೂರ್ತಿ ಬರಲಿಲ್ಲ. ಆಗ ಮಾರ್ಟಿನೀಕ್‌ನ ರಮ್ ತಂದು ಜಮೈಕಾದ್ದರ ಜೊತೆ ಸೇರಿಸಿದರು. 1953ರಲ್ಲಿ ಈ ಪಾನೀಯ ಹವಾಯಿಯ ಹೋಟೆಲ್‌ಗಳಿಗೆ ಹೋಯಿತು, ಅನಾನಸ್ ರಸ ಸೇರಿಕೊಂಡದ್ದು ಅಲ್ಲಿ. 2023ರಲ್ಲಿ ಜಮೈಕಾದ ಆಪಲ್ಟನ್ ಎಸ್ಟೇಟ್ ಆ ಹಳೆಯ ರಮ್ ಹೇಗಿದ್ದಿರಬಹುದು ಅಂತ ಹುಡುಕಿ, 17 ವರ್ಷದ್ದೊಂದನ್ನು ಮತ್ತೆ ತಂದಿತು. ಬರೀ 1500 ಬಾಟಲಿ.

ಇದನ್ನೆಲ್ಲಾ ಓದಿದಾಗ ನನಗೆ ದೊಡ್ಡ ಸಮಾಧಾನವಾಯಿತು. ಮಾಡಿದವರಿಗೇ ಬೇಕಾದ ರಮ್ ಸಿಗದೆ ಬೆರೆಸಿ ಬೆರೆಸಿ ನೋಡಬೇಕಾಗಿ ಬಂದಿತ್ತು. ನಾನು ಬೆಂಗಳೂರಲ್ಲಿ ಕೂತು ಅದನ್ನೇ ಮಾಡಬಹುದು, ಅಲ್ವಾ?

ಹೊಸ ಬಾಟಲಿ ಯಾವುದು ಸಿಕ್ಕರೂ ಮೊದಲು ಡೈಕ್ವಿರಿ ಅನ್ನುವ ಕಾಕ್‌ಟೇಲ್ ಮಾಡಿ ನೋಡುವುದನ್ನು ರೂಢಿ ಮಾಡಿಕೊಂಡೆ. ಕ್ಯೂಬಾದ ಸ್ಯಾಂಟಿಯಾಗೊ ಹತ್ತಿರ ಡೈಕ್ವಿರಿ ಅನ್ನುವ ಊರಿದೆ. ಅಲ್ಲಿನ ಕಬ್ಬಿಣದ ಗಣಿಯಲ್ಲಿ ಕೆಲಸ ಮಾಡುತ್ತಿದ್ದ ಜೆನ್ನಿಂಗ್ಸ್ ಕಾಕ್ಸ್ ಎಂಬ ಅಮೆರಿಕದ ಎಂಜಿನಿಯರ್ 1898ರ ಸುಮಾರಿಗೆ ಮಾಡಿದ್ದು ಎನ್ನುತ್ತಾರೆ. ರಮ್, ನಿಂಬೆ, ಸಕ್ಕರೆ, ಬೇರೇನೂ ಇಲ್ಲ. ನಾನು ಮಾಡುವುದು ಪುಟ್ಟ ಲೋಟ. ರಮ್ 30 ಮಿಲಿ, ನಿಂಬೆರಸ 12, ಪಾಕ 10. ಐಸ್ ಹಾಕಿ ಗಟ್ಟಿಯಾಗಿ ಕುಲುಕಿ ಸೋಸುತ್ತೇನೆ. ಹಾಗೇ ಕುಡಿದಾಗ ನಯವಾಗಿ ಕಂಡ ರಮ್ ನಿಂಬೆಯ ಎದುರು ನಿಲ್ಲಲಾರದೆ ಕರಗಿಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮೂಸಿದಾಗ ಮುಖ ಹಿಂಡುವಂತೆ ಮಾಡಿದ ರಮ್ ಇದೇ ನಿಂಬೆಯ ಜೊತೆ ಅರಳಿದ್ದೂ ಇದೆ. ನಮ್ಮ ಸಣ್ಣ ನಿಂಬೆಹಣ್ಣು ಇದಕ್ಕೆ ಹೇಳಿ ಮಾಡಿಸಿದ್ದು. ಯುರೋಪ್, ಅಮೆರಿಕದ ಅಂಗಡಿಗಳಲ್ಲಿ ಸಿಗುವ ದೊಡ್ಡ, ಬೀಜವಿಲ್ಲದ ಹಸಿರು ಲೈಮ್‌ಗಿಂತ ಇದರ ಹುಳಿ ಚುರುಕು, ಪರಿಮಳ ಜಾಸ್ತಿ. ನನಗೆ ಕಾಲು ಭಾಗ ಕಡಿಮೆ ರಸ ಸಾಕಾಗುತ್ತದೆ.

ಇನ್ನೊಂದು ಪರೀಕ್ಷೆ ಇದೆ, ಇದಕ್ಕೆ ಖರ್ಚಿಲ್ಲ. ಒಂದು ಚಮಚ ರಮ್ಮನ್ನು ತಟ್ಟೆಯಲ್ಲಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬೆರಳಿಟ್ಟಾಗ ಜಿಗುಟು ಅಂಟಿದರೆ ಅದಕ್ಕೆ ಸಕ್ಕರೆ ಸೇರಿಸಿದ್ದಾರೆ ಅಂತ ಅರ್ಥ. ಬಟ್ಟಿ ಇಳಿಸುವಾಗ ಸಕ್ಕರೆ ಮೇಲೆ ಹತ್ತುವುದಿಲ್ಲ, ಹಾಗಾಗಿ ಇಳಿದ ರಮ್‌ನಲ್ಲಿ ಸಿಹಿ ಇರುವುದಿಲ್ಲ. ಜಮೈಕಾದ ನಿಯಮದಲ್ಲಿ ರಮ್‌ಗೆ ಸಕ್ಕರೆ ಸೇರಿಸುವ ಹಾಗೇ ಇಲ್ಲ. ಸಕ್ಕರೆ ಸೇರಿಸುವುದು ಕೆಟ್ಟದ್ದು ಅಂತ ಹೇಳುತ್ತಿಲ್ಲ. ಆದರೆ ಕಾಕ್‌ಟೇಲ್‌ನ ಸಿಹಿ ಹದ ನನ್ನ ಕೈಯಲ್ಲಿರಬೇಕು. ಬಾಟಲಿಯೊಳಗೇ ಬಂದರೆ ಅಳತೆ ತಪ್ಪುತ್ತದೆ.

ವಯಸ್ಸಿನ ಅಂಕಿಯನ್ನೂ ನಾನು ಈಗ ಅಷ್ಟು ನಂಬುವುದಿಲ್ಲ. ಕೆಲವು ದೇಶಗಳಲ್ಲಿ ಲೇಬಲ್ ಮೇಲಿನ ಸಂಖ್ಯೆ ಬಾಟಲಿಯೊಳಗಿನ ಅತಿ ಎಳೆಯ ರಮ್‌ನ ವಯಸ್ಸು. ಸೊಲೆರಾ, ಅಂದರೆ ಪೀಪಾಯಿಯ ಹಳೆಯ ರಮ್‌ಗೆ ಎಳೆಯದನ್ನು ಬೆರೆಸುತ್ತಾ ಹೋಗುವ ಪದ್ಧತಿ, ಎಂದು ಬರೆದವುಗಳಲ್ಲಿ ಅದು ಅತಿ ಹಳೆಯದ್ದರ ವಯಸ್ಸಾಗಿರಬಹುದು. ಸೆಕೆಯ ನಾಡಿನಲ್ಲಿ ಪೀಪಾಯಿಯೂ ಬೇಗ ಕೆಲಸ ಮಾಡುತ್ತದೆ. ಸ್ಕಾಟ್ಲೆಂಡ್‌ನಲ್ಲಿ ವರ್ಷಕ್ಕೆ ಶೇ 2ರಷ್ಟು ಆವಿಯಾಗಿ ಹೋದರೆ, ಬೆಂಗಳೂರಿನಲ್ಲಿ ಅದು ಶೇ 10ಕ್ಕೂ ಹೆಚ್ಚು ಎಂದು ಅಮೃತ್ ಡಿಸ್ಟಿಲರೀಸ್‌ನವರು ತಮ್ಮ ವಿಸ್ಕಿಯ ಬಗ್ಗೆ ಹೇಳುತ್ತಾರೆ. ಹೀಗಿರುವಾಗ ಸುಮ್ನೆ ಅಂಕಿ ನೋಡಿ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ.

ಬಾಟಲಿಗಳು ಮನೆಗೆ ಬಂದದ್ದು ನಿಧಾನವಾಗಿ. ಆಮದು ರಮ್ ಮೇಲೆ ಶೇ 150 ಸುಂಕ, ಅದರ ಮೇಲೆ ರಾಜ್ಯದ ತೆರಿಗೆ. ಅಂಗಡಿಯಲ್ಲಿ ಒಂದೆರಡು ಬಿಟ್ಟರೆ ಸಿಗುವುದೂ ಇಲ್ಲ. ವಿದೇಶದಿಂದ ಬರುವವರು ಡ್ಯೂಟಿ ಫ್ರೀಯಲ್ಲಿ 2 ಲೀಟರ್ ತರಬಹುದು. ದುಬೈನಲ್ಲಿರುವ ನಮ್ಮ ಭಾವ ವರ್ಷಕ್ಕೊಮ್ಮೆ ಬರುತ್ತಾರೆ. ಅವರು ಸ್ವತಃ ಕುಡಿಯುವುದಿಲ್ಲ. ಆದರೂ ನಾನು ಬರೆದು ಕಳಿಸಿದ ಹೆಸರನ್ನು ಅಂಗಡಿಯವರಿಗೆ ತೋರಿಸಿ, ಸಿಗದಿದ್ದರೆ ಫೋಟೊ ತೆಗೆದು ಕಳಿಸಿ, "ಇದು ಆಗುತ್ತಾ ನೋಡಪ್ಪಾ" ಅಂತ ಕೇಳಿ ತರುತ್ತಾರೆ. ಹೀಗೆ ಮೂರು ವರ್ಷದಲ್ಲಿ ಆಪಲ್ಟನ್ ಎಸ್ಟೇಟ್‌ನ 8 ವರ್ಷದ್ದು, ಗಯಾನಾದ ಎಲ್ ಡೊರಾಡೊ, ವ್ರೇ ಅಂಡ್ ನೆಫ್ಯೂ ಬಂದವು. ಪ್ಯಾರಿಸ್‌ಗೆ ಹೋಗಿದ್ದ ಗೆಳತಿಯೊಬ್ಬಳು ಮಾರ್ಟಿನೀಕ್‌ನ ಕ್ಲೆಮಾನ್ ತಂದುಕೊಟ್ಟಳು.

ಎಲ್ಲಾ ಬಾಟಲಿ ಶೆಲ್ಫಿನಲ್ಲಿದ್ದವು. ಆದರೂ ಅವುಗಳನ್ನು ಮನಸ್ಸಿನಲ್ಲಿ ಹೇಗೆ ಜೋಡಿಸಿಕೊಳ್ಳಬೇಕು ಅಂತ ಗೊತ್ತಾಗಿರಲಿಲ್ಲ. ಅದನ್ನು ಹೇಳಿಕೊಟ್ಟದ್ದು ನಮ್ಮ ದೊಡ್ಡಪ್ಪ.

ದೊಡ್ಡಪ್ಪ ಮಂಡ್ಯದ ಹತ್ತಿರ ನಲವತ್ತು ವರ್ಷ ಆಲೆಮನೆ ನಡೆಸಿದವರು. ಕಣ್ಣಿನ ಪೊರೆ ಆಪರೇಷನ್‌ಗೆ ಬೆಂಗಳೂರಿಗೆ ಬಂದು ಹತ್ತು ದಿನ ನಮ್ಮ ಮನೆಯಲ್ಲಿದ್ದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಇನ್ನೂ ಪೊರೆ. ಸಂಜೆ ನಾನು ನಾಲ್ಕು ಸಣ್ಣ ಲೋಟಗಳಲ್ಲಿ ಒಂದೊಂದು ಚಮಚ ಹಾಕಿ ಮೂಸುತ್ತಾ ಕೂತಿದ್ದೆ.

"ಏನ್ ಮಗ ಅದು, ಬೆಲ್ಲದ್ ವಾಸ್ನೆ ಬತ್ತದೆ?"

"ರಮ್ಮು ದೊಡ್ಡಪ್ಪ. ಔಷಧಿ ತಗೋತಿದೀರಲ್ಲ, ಕುಡೀಬೇಡಿ. ಸುಮ್ನೆ ಮೂಸಿ ನೋಡಿ."

ಮಾರ್ಟಿನೀಕ್‌ನದ್ದನ್ನು ಕೈಗೆ ಕೊಟ್ಟೆ. ಮೂಗಿನ ಹತ್ತಿರ ತಂದವರೇ ಹೇಳಿದರು. "ಇದು ಗಾಣದ್ ತಾವಿಂದು. ಹಸಿ ಹಾಲು. ಇನ್ನೂ ಒಲೆ ಮೇಲೆ ಇಟ್ಟೇ ಇಲ್ಲ."

ಎಲ್ ಡೊರಾಡೊ ಕೊಟ್ಟೆ. "ಇದು ಕೊಪ್ಪರಿಗೆದು. ಪಾಕ ಚೂರು ಜಾಸ್ತಿ ಆಗಿ ತಳ ಹಿಡಿಯೋಕ್ ಬಂದದೆ."

ವ್ರೇ ಅಂಡ್ ನೆಫ್ಯೂ ಮೂಸಿ ತಲೆ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಮತ್ತೊಮ್ಮೆ ಮೂಸಿದರು. "ಇದು ಹಿತ್ಲಿಂದು ಕಣ್ ಮಗ. ಮಡ್ಡಿ ಸುರೀತಿದ್ವಲ್ಲ, ಆ ಗುಂಡಿದು. ಆದ್ರೆ ಅದ್ರೊಳಗೆ ಹಲಸಿನಣ್ಣು ಬಿದ್ದದೆ."

ನನಗೆ ಆಗ ನೆನಪಾಯಿತು. ಸ್ಯಾನ್ ಫ್ರಾನ್ಸಿಸ್ಕೋದ ಲೋಟದಲ್ಲಿ ಬಂದ ವಾಸನೆ ಇದೇ. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಆಲೆಮನೆಯ ಹಿಂದೆ ಆಡುತ್ತಿದ್ದೆವು. ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕಿ, ಮೇಲೆ ಬಂದ ನೊರೆ, ಮಡ್ಡಿಯನ್ನು ಜರಡಿಯಲ್ಲಿ ತೆಗೆದು ಹಿಂದಿನ ಗುಂಡಿಗೆ ಎಸೆಯುತ್ತಿದ್ದರು. ಅದು ಬಿಸಿಲಿಗೆ ಹುಳಿಯುತ್ತಿತ್ತು. ಒಂದು ಕಡೆ ಕೊಳೆತದ್ದು, ಇನ್ನೊಂದು ಕಡೆ ಹಣ್ಣಿನಂಥದ್ದು, ಎರಡೂ ಒಂದೇ ಉಸಿರಿನಲ್ಲಿ ಬರುವ ವಾಸನೆ.

ದೊಡ್ಡಪ್ಪ ಜಮೈಕಾದ ಹೆಸರನ್ನು ಕ್ರಿಕೆಟ್ ಬಿಟ್ಟರೆ ಬೇರೆಲ್ಲೂ ಕೇಳಿದವರಲ್ಲ. ಆದರೂ ಅವರು ಹೇಳಿದ್ದು ನಿಜಕ್ಕೆ ಎಷ್ಟು ಹತ್ತಿರ ಅಂತ ಓದುತ್ತಾ ಹೋದಂತೆ ತಿಳಿಯಿತು. ಜಮೈಕಾದ ಹ್ಯಾಂಪ್ಡೆನ್‌ನಂಥ ಹಳೆಯ ಎಸ್ಟೇಟ್‌ಗಳಲ್ಲಿ ಒಂದು ಸಲ ಬಟ್ಟಿ ಇಳಿಸಿದ ಮೇಲೆ ಪಾತ್ರೆಯಲ್ಲಿ ಉಳಿದ ಗಸಿಯನ್ನು ಚೆಲ್ಲುವುದಿಲ್ಲ. ಅದಕ್ಕೆ ಡಂಡರ್ ಅನ್ನುತ್ತಾರೆ. ಮುಂದಿನ ಸಲ ಹುದುಗು ಬರಿಸುವಾಗ ಅದನ್ನೇ ಸೇರಿಸುತ್ತಾರೆ. ದೋಸೆ ಹಿಟ್ಟಿಗೆ ನಿನ್ನೆಯ ಹಿಟ್ಟು ಬೆರೆಸಿದ ಹಾಗೆ ಅಂದುಕೊಂಡಿದ್ದೆ, ಆದರೆ ಅದಲ್ಲ. ಡಂಡರ್ ಕುದ್ದು ಬಂದದ್ದು, ಅದರಲ್ಲಿ ಹುದುಗು ಬರಿಸುವ ಜೀವ ಉಳಿದಿರುವುದಿಲ್ಲ. ಅದು ಕೊಡುವುದು ಹುಳಿಯನ್ನು. ಇದರ ಜೊತೆಗೆ ಮಕ್ ಪಿಟ್ ಅನ್ನುವ ಗುಂಡಿಯೂ ಇದೆ. ಅಲ್ಲಿ ಗಸಿ, ಕಬ್ಬಿನ ಕಸ ಎಲ್ಲಾ ಬ್ಯಾಕ್ಟೀರಿಯಾದಿಂದ ಕೊಳೆತು ಆಮ್ಲವಾಗುತ್ತದೆ. ಹುಳಿ ಬರಿಸುವುದಕ್ಕೆ ವಾರಗಟ್ಟಲೆ ಬಿಡುತ್ತಾರೆ. ಆಮ್ಲವೂ ಆಲ್ಕೋಹಾಲೂ ಸೇರಿದಾಗ ಎಸ್ಟರ್ ಹುಟ್ಟುತ್ತದೆ. ಕಳಿತ ಬಾಳೆ, ಅನಾನಸ್, ಹಲಸಿನ ವಾಸನೆಯ ಹಿಂದೆ ಇರುವುದೂ ಹೆಚ್ಚಾಗಿ ಎಸ್ಟರೇ. ದೊಡ್ಡಪ್ಪನ ಮೂಗು ಹೇಳಿದ ಗುಂಡಿಯೂ ನಿಜ, ಹಲಸಿನಹಣ್ಣೂ ನಿಜ.

ಆಪಲ್ಟನ್‌ನದ್ದು ಇದೇ ಊರಿನ ಮೆಲುದನಿ. ಅಲ್ಲಿ 1997ರಲ್ಲಿ ರಮ್ ಬೆರೆಸುವ ಮುಖ್ಯಸ್ಥೆಯಾದ ಜಾಯ್ ಸ್ಪೆನ್ಸ್ ರಸಾಯನಶಾಸ್ತ್ರ ಓದಿದವರು. ಮದ್ಯದ ಉದ್ಯಮದಲ್ಲೇ ಮಾಸ್ಟರ್ ಬ್ಲೆಂಡರ್ ಆದ ಮೊದಲ ಮಹಿಳೆ ಅಂತ ಅವರನ್ನು ಗುರುತಿಸುತ್ತಾರೆ. 8 ವರ್ಷದ್ದರಲ್ಲಿ ಕಿತ್ತಳೆ ಸಿಪ್ಪೆ, ಜಾಯಿಕಾಯಿ, ಆಳದಲ್ಲಿ ಸ್ವಲ್ಪವೇ ಆ ಗುಂಡಿಯ ವಾಸನೆ ಇದೆ. ಮೈ ಟೈಗೆ ಒಂದೇ ಬಾಟಲಿ ಕೊಳ್ಳಲು ಸಾಧ್ಯ ಅಂದರೆ ಇದನ್ನೇ ಕೊಳ್ಳಿ ಅನ್ನುತ್ತೇನೆ.

ಮಾರ್ಟಿನೀಕ್‌ನ ವಿಷಯ ಬೇರೆ. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನಲ್ಲಿ ಬೀಟ್‌ರೂಟ್ ಸಕ್ಕರೆ ಬಂದು ಕಬ್ಬಿನ ಸಕ್ಕರೆಯ ಬೆಲೆ ಬಿತ್ತು. ಅಲ್ಲಿನ ಬಹಳ ಜನ ಸಕ್ಕರೆ ಮಾಡುವುದನ್ನೇ ಬಿಟ್ಟು ಕಬ್ಬಿನ ಹಾಲನ್ನು ನೇರವಾಗಿ ಹುಳಿಸಿ ಬಟ್ಟಿ ಇಳಿಸತೊಡಗಿದರು. ಇದಕ್ಕೆ ರಮ್ ಅಗ್ರಿಕೋಲ್ ಅನ್ನುತ್ತಾರೆ. 1996ರಲ್ಲಿ ಫ್ರಾನ್ಸ್ ಇದಕ್ಕೆ ವೈನ್‌ಗೆ ಕೊಡುವಂಥದ್ದೇ ಎಒಸಿ ಮಾನ್ಯತೆ, ಅಂದರೆ ಹುಟ್ಟಿದ ಜಾಗದ ಹೆಸರನ್ನು ಕಾಪಾಡುವ ಮಾನ್ಯತೆ, ಕೊಟ್ಟಿತು. ಕಬ್ಬಿನ ಹಾಲು ಎಷ್ಟು ಬೇಗ ಕೆಡುತ್ತದೆ ಅಂತ ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಕಾಕಂಬಿಯನ್ನು ಪೀಪಾಯಿಗೆ ತುಂಬಿ ತಿಂಗಳುಗಟ್ಟಲೆ ಇಡಬಹುದು, ಹಡಗಿನಲ್ಲಿ ಕಳಿಸಬಹುದು. ಹಾಲನ್ನು ಅರೆದ ಕೂಡಲೇ ಬಳಸಬೇಕು. ಹಾಗಾಗಿ ಈ ರಮ್ ಆಗುವುದು ಕಬ್ಬು ಕಡಿಯುವ ಕಾಲದಲ್ಲಿ ಮಾತ್ರ, ಕಬ್ಬಿನ ಗದ್ದೆಯ ಪಕ್ಕದಲ್ಲೇ. ಟ್ರೇಡರ್ ವಿಕ್ ಬಳಸಿದ ಮಾರ್ಟಿನೀಕ್ ರಮ್ ಈ ಥರದ್ದಲ್ಲ, ಕಾಕಂಬಿಯ ಕಪ್ಪು ರಮ್ ಎಂದು ಹಳೆಯ ದಾಖಲೆ ಕೆದಕಿದವರು ವಾದಿಸುತ್ತಾರೆ. ಅವರ ವಾದ ನನಗೂ ಸರಿ ಅನ್ನಿಸುತ್ತದೆ. ಆದರೂ ನನ್ನ ಲೋಟಕ್ಕೆ ನಾನು ಹಾಲಿನ ರಮ್ಮನ್ನೇ ಹಾಕುತ್ತೇನೆ. ಆಪಲ್ಟನ್‌ನ ಭಾರಕ್ಕೆ ಅದು ಹಸಿ ಕಬ್ಬಿನ ಗಾಳಿ ಬೀಸುತ್ತದೆ.

ಇನ್ನು ದೊಡ್ಡಪ್ಪ ತಳ ಹಿಡಿದ ಕೊಪ್ಪರಿಗೆ ಅಂದದ್ದು ಗಯಾನಾದ ಡೆಮೆರಾರಾ ರಮ್. ಡೆಮೆರಾರಾ ನದಿಯ ದಂಡೆಯಲ್ಲಿರುವ ಡೈಮಂಡ್ ಡಿಸ್ಟಿಲರಿಯಲ್ಲಿ ಇವತ್ತಿಗೂ ಮರದಲ್ಲಿ ಮಾಡಿದ ಬಟ್ಟಿ ಪಾತ್ರೆಗಳಿವೆ. ಹಳೆಯ ಎಸ್ಟೇಟ್‌ಗಳು ಮುಚ್ಚುತ್ತಾ ಬಂದಂತೆ ಅವುಗಳ ಕೆಲವು ಪಾತ್ರೆಗಳನ್ನು ಕೊನೆಗೆ ಇಲ್ಲಿಗೆ ತಂದು ಉಳಿಸಿಕೊಂಡರು. ಅದರಲ್ಲೊಂದರ ಹೆಸರು ಪೋರ್ಟ್ ಮೊರಾಂಟ್. ಅದು ಒಂದು ಕಬ್ಬಿನ ಎಸ್ಟೇಟ್‌ನ ಹೆಸರು. ಕ್ರಿಕೆಟ್ ಗೊತ್ತಿರುವವರು ಈ ಊರಿನ ಹೆಸರು ಕೇಳಿರಬಹುದು. ವೆಸ್ಟ್ ಇಂಡೀಸ್‌ನ ರೋಹನ್ ಕನ್ಹಾಯ್ ಹುಟ್ಟಿದ್ದು ಅಲ್ಲೇ. ಸುನಿಲ್ ಗಾವಸ್ಕರ್ ತಮ್ಮ ಮಗನಿಗೆ ರೋಹನ್ ಅಂತ ಹೆಸರಿಟ್ಟದ್ದು ಅವರ ಮೇಲಿನ ಪ್ರೀತಿಗೆ.

ಕನ್ಹಾಯ್ ಎಂಬ ಹೆಸರು ಅಲ್ಲಿಗೆ ಹೋದದ್ದು ಹೇಗೆ? ಆ ದ್ವೀಪಗಳಲ್ಲೂ ಗಯಾನಾದಲ್ಲೂ ಕಬ್ಬು ಕಡಿದು ರಮ್ ಕಟ್ಟಿದವರು ಆಫ್ರಿಕಾದಿಂದ ಗುಲಾಮರಾಗಿ ತಂದ ಜನ. ಗುಲಾಮಗಿರಿ ನಿಂತಾಗ ಎಸ್ಟೇಟ್ ಮಾಲೀಕರು ಭಾರತದತ್ತ ತಿರುಗಿದರು. 1838ರ ಮೇ 5ರಂದು ವಿಟ್ಬಿ, ಹೆಸ್ಪೆರಸ್ ಎಂಬ ಎರಡು ಹಡಗುಗಳಲ್ಲಿ ಮೊದಲ ಭಾರತೀಯ ಕೂಲಿಗಳು ಗಯಾನಾಕ್ಕೆ ಬಂದಿಳಿದರು. 1917ರವರೆಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಹೀಗೆ ಹೋದರು. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಮದ್ರಾಸಿನಿಂದ ಹಡಗು ಹತ್ತಿದವರೂ ಇದ್ದರು. ಎಲ್ ಡೊರಾಡೊ ಬಾಟಲಿ ತೆಗೆಯುವಾಗಲೆಲ್ಲಾ ಇದು ನನ್ನ ಮನಸ್ಸಿಗೆ ಬರುತ್ತದೆ. ಬಿಸಿಲಿನ ಬೀಚ್, ತೆಂಗಿನ ಗರಿ, ಬಣ್ಣದ ಕೊಡೆ ಎಂದು ಮಾರುವ ಪಾನೀಯದ ಕೆಳಗೆ ಕಬ್ಬಿನ ಸೋಗೆಯಿಂದ ಕೈ ಕೊಯ್ದುಕೊಂಡವರಿದ್ದಾರೆ. ಅವರ ಬಗ್ಗೆ ತಿಳಿಯದೆ ಆ ರುಚಿಯ ಬಗ್ಗೆ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ನಂಟು ಇದಕ್ಕಿಂತಲೂ ಹಳೆಯದು. ಕೆರಿಬಿಯನ್ ಕಾಕ್‌ಟೇಲ್‌ಗಳೆಲ್ಲದರ ಅಜ್ಜಿ ಪಂಚ್. ಹುಳಿ ಒಂದು, ಸಿಹಿ ಎರಡು, ಕಡಕ್ ಮೂರು, ನೀರು ನಾಲ್ಕು ಎಂಬುದು ಪ್ಲಾಂಟರ್ಸ್ ಪಂಚ್‌ನ ಹಳೆಯ ಲೆಕ್ಕ. ಪಂಚ್ ಎಂಬ ಪದ ನಮ್ಮ "ಪಂಚ"ದಿಂದಲೇ, ಐದು ಪದಾರ್ಥ ಸೇರುವುದರಿಂದ ಬಂತು ಎಂದು ಬಹಳ ಜನ ಹೇಳುತ್ತಾರೆ. ಇಂಗ್ಲಿಷ್‌ನಲ್ಲಿ ಆ ಪದ ಮೊದಲು ಸಿಗುವುದೂ 1632ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರೊಬ್ಬರು ಬರೆದ ಪತ್ರದಲ್ಲಿ. ಆಗ ರಮ್ ಬದಲು ಇಲ್ಲಿನ ಸಾರಾಯಿ ಹಾಕುತ್ತಿದ್ದರು. ನಮ್ಮ ಪಾನಕವನ್ನೇ ನೋಡಿ. ಬೆಲ್ಲ, ನಿಂಬೆ, ನೀರು, ಏಲಕ್ಕಿ, ಶುಂಠಿ. ರಾಮನವಮಿಯ ಪಾನಕಕ್ಕೆ ನಾನು ಏನೂ ಬೆರೆಸುವುದಿಲ್ಲ, ಅದು ಇರಬೇಕಾದ ಹಾಗೇ ಇರಲಿ. ಆದರೆ ಹುಳಿ ಸಿಹಿಯ ಹದ ನನ್ನ ನಾಲಿಗೆಗೆ ಮೊದಲು ಬಂದದ್ದು ಅದರಿಂದ. ಬೇರೆ ದಿನ ಬೆಲ್ಲದ ಪಾಕ, ನಿಂಬೆ, ಶುಂಠಿಗೆ ಓಲ್ಡ್ ಮಾಂಕ್ ಸೇರಿಸಿ ಪಂಚ್ ಮಾಡುತ್ತೇನೆ. 1954ರಿಂದ ನಡೆದು ಬಂದ ಆ ರಮ್‌ನ ವೆನಿಲ್ಲಾ ಶುಂಠಿಯ ಜೊತೆ ಎಷ್ಟು ಚೆನ್ನಾಗಿ ಕೂಡುತ್ತದೆ ಅಂದರೆ, ಅಲ್ಲಿಗೆ ಜಮೈಕಾದ್ದನ್ನು ತರುವ ಅಗತ್ಯವೇ ಇಲ್ಲ.

ಇಲ್ಲಿ ಸಿಗುವ ಬಾಟಲಿಗಳಲ್ಲಿ ನನಗೆ ಹೆಚ್ಚು ಉಪಯೋಗವಾದದ್ದು ಅಮೃತ್‌ನ ಟೂ ಇಂಡೀಸ್. 1948ರಲ್ಲಿ ಶುರುವಾದ ಕಂಪನಿ, ಮಂಡ್ಯಕ್ಕೆ ಹೋಗುವ ಮೈಸೂರು ರಸ್ತೆಯಲ್ಲೇ ಅವರ ಡಿಸ್ಟಿಲರಿ. ಕೆರಿಬಿಯನ್ ರಮ್‌ಗಳ ಜೊತೆ ನಮ್ಮ ಬೆಲ್ಲದಿಂದ ಇಳಿಸಿದ ರಮ್ ಬೆರೆಸಿ ಇದನ್ನು ಮಾಡುತ್ತಾರೆ. ಬೆಲ್ಲದಲ್ಲಿ ಕಬ್ಬಿನ ಹಾಲಿನ ಸಿಹಿಯೂ ಇದೆ, ಕಾಕಂಬಿಯಾಗಿ ಬೇರೆಯಾಗಬೇಕಾದದ್ದೂ ಇದೆ. ಗಾಣಕ್ಕೂ ಕೊಪ್ಪರಿಗೆಗೂ ನಡುವಿನ ಜಾಗ ಅದು. ಟೂ ಇಂಡೀಸ್ 45 ಮಿಲಿಗೆ ವ್ರೇ ಅಂಡ್ ನೆಫ್ಯೂ 15 ಮಿಲಿ ಸೇರಿಸಿದಾಗ ನನ್ನ ಅಡುಗೆಮನೆಯಲ್ಲಿ ಮೊದಲ ಸಲ ಮೈ ಟೈ ಅನ್ನಬಹುದಾದದ್ದು ಆಯಿತು. 15ಕ್ಕಿಂತ ಮೇಲೆ ಹೋಗಬೇಡಿ. ಶೇ 63ರ ರಮ್ ನಿಂಬೆ, ಬಾದಾಮಿಯ ಹಿಂದೆ ಅಡಗಿಕೊಂಡು ಬರುತ್ತದೆ. ಹಾಲಿವುಡ್‌ನಲ್ಲಿ 1930ರ ದಶಕದಲ್ಲಿ ಬೇರೆ ಬೇರೆ ದ್ವೀಪದ ರಮ್‌ಗಳನ್ನು ಒಂದೇ ಲೋಟದಲ್ಲಿ ಬೆರೆಸುವ ಪದ್ಧತಿ ತಂದ ಡಾನ್ ಬೀಚ್ ತಮ್ಮ ಜಾಂಬಿ ಎಂಬ ಪಾನೀಯವನ್ನು ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ಅವರು ಬಾಟಲಿಗಳ ಮೇಲೆ ಹೆಸರಿನ ಬದಲು ಬರೀ ನಂಬರ್ ಹಾಕಿಡುತ್ತಿದ್ದರು, ಕೆಲಸದವರು ರೆಸಿಪಿ ಕದ್ದೊಯ್ಯಬಾರದೆಂದು.

ಬಾದಾಮಿ ಸಿರಪ್ ಮನೆಯಲ್ಲೇ ಮಾಡಿ. ಬಾದಾಮಿ ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ ಬರುವ ಹಾಲಿಗೆ ಅಷ್ಟೇ ತೂಕದ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ಕುದಿಸಬೇಡಿ. ಎರಡು ಹನಿ ಗುಲಾಬಿ ನೀರು ಸಾಕು. ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ಐಸನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಹೊಡೆದು ಪುಡಿ ಮಾಡುತ್ತೇನೆ.

ಈಗ ನನ್ನ ಶೆಲ್ಫಿನ ಬಾಟಲಿಗಳಿಗೆ ಸಣ್ಣ ಚೀಟಿ ಅಂಟಿಸಿದ್ದೇನೆ. ಗಾಣ, ಕೊಪ್ಪರಿಗೆ, ಗುಂಡಿ ಅಂತ ಬರೆದಿದ್ದೇನೆ. ಹೊಸ ಕಾಕ್‌ಟೇಲ್‌ನ ರೆಸಿಪಿ ಸಿಕ್ಕಾಗ ಅದು ಹೇಳುವ ಬ್ರ್ಯಾಂಡ್ ಹುಡುಕಲು ಹೋಗುವುದಿಲ್ಲ. ಇದಕ್ಕೆ ಆಲೆಮನೆಯ ಯಾವ ಜಾಗ ಬೇಕು ಅಂತ ಯೋಚಿಸುತ್ತೇನೆ. ಅನಾನಸ್ ರಸ, ಕಹಿ ಇರುವ ಜಂಗಲ್ ಬರ್ಡ್‌ಗೆ ಕೊಪ್ಪರಿಗೆ. ಡೈಕ್ವಿರಿಗೆ ನನ್ನ ಮನಸ್ಸು ಹೆಚ್ಚಾಗಿ ಗಾಣದ ಕಡೆ ಹೋಗುತ್ತದೆ. ಮೈ ಟೈಗೆ ಆಪಲ್ಟನ್ 30, ಮಾರ್ಟಿನೀಕ್ 30.

ಮುಂದಿನ ತಿಂಗಳು ಭಾವ ಬರುತ್ತಿದ್ದಾರೆ. ಮಾರ್ಟಿನೀಕ್ ಬಾಟಲಿಯಲ್ಲಿ ಎರಡು ಬೆರಳಿನಷ್ಟು ಉಳಿದಿದೆ, ಹಾಗಾಗಿ ಒಂದು ಅದು ಬೇಕೇ ಬೇಕು. ಇನ್ನೊಂದಕ್ಕೆ ಹ್ಯಾಂಪ್ಡೆನ್ ಬರೆದಿದ್ದೆ, ಅಳಿಸಿದೆ, ಮತ್ತೆ ಬರೆದೆ. ದೊಡ್ಡಪ್ಪನಿಗೆ ಇನ್ನೊಂದು ಕಣ್ಣಿನ ಆಪರೇಷನ್ ಆ ಹೊತ್ತಿಗೇ ಇದೆ. ಬಾಟಲಿಯ ಮುಚ್ಚಳ ಅವರು ಬಂದ ಮೇಲೆ ತೆಗೆಯೋಣ ಅಂತ ಇಟ್ಟುಕೊಳ್ಳುತ್ತೇನೆ.